ಎತ್ತಿನ ಎಲುಬು, ಕಾವಲಿನ ಹುಲ್ಲು

ಕೀಲು ಎಂಬ ಮಾತನ್ನು ನಮ್ಮ ಹಿರಿಯರು ಎರಡು ಕಡೆ ಬಳಸಿದರು. ಗಾಡಿಯ ಅಚ್ಚಿನಿಂದ ಗಾಲಿ ಕಳಚಿಹೋಗದಂತೆ ತಡೆಯುವ ಕಬ್ಬಿಣದ ತುಂಡೂ ಕೀಲೇ. ಮೊಣಕಾಲಿನಲ್ಲಿ ಎಲುಬಿಗೆ ಎಲುಬು ಕೂಡುವ ಸಂದೂ ಕೀಲೇ. ಎತ್ತನ್ನೂ ಗಾಡಿಯನ್ನೂ ದಿನವೂ ಒಟ್ಟಿಗೆ ಕಂಡವರಿಗೆ ಎರಡರ ಕೀಲೂ ಒಂದೇ ಬಗೆಯದಾಗಿ ತೋರಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಪಟ್ಟಣದಲ್ಲಿ ಬೆಳೆದ ನನಗೆ ಈ ನಂಟು ಹೊಳೆದದ್ದು ಬಹಳ ತಡವಾಗಿ, ಚಳ್ಳಕೆರೆ ತಾಲೂಕಿನ ದೊಡ್ಡಉಳ್ಳಾರ್ತಿಯಲ್ಲಿ.

ಅಲ್ಲಿಯ ಅಮೃತಮಹಲ್ ಕಾವಲನ್ನು ಒಮ್ಮೆ ಕಣ್ಣಾರೆ ನೋಡಿಬರಬೇಕೆಂದು ಹೋಗಿದ್ದೆ. ಊರ ಹೊರಗೆ ಬೇವಿನ ಮರದ ನೆರಳಿನಲ್ಲಿ ನಾಲ್ಕಾರು ಜನ ಸೇರಿದ್ದರು. ಎಪ್ಪತ್ತು ದಾಟಿದ ಯಜಮಾನರೊಬ್ಬರು ಮಾರಾಟಕ್ಕೆ ಬಂದಿದ್ದ ಒಂದು ಜೊತೆ ಎತ್ತುಗಳನ್ನು ಪರೀಕ್ಷಿಸುತ್ತಿದ್ದರು. ಮೊದಲು ತುಟಿಯೆತ್ತಿ ಹಲ್ಲು ನೋಡಿದರು. ನಾಲ್ಕಲ್ಲೋ, ಆರಲ್ಲೋ, ಬಾಯಿಗೂಡಿದ್ದೋ ಎಂದು ವಯಸ್ಸನ್ನು ಗೊತ್ತುಮಾಡಿಕೊಂಡರು. ಬಳಿಕ ಸುಳಿಗಳನ್ನು ನೋಡಿದರು. ಕೊನೆಗೆ ಬಗ್ಗಿ, ಮುಂಗಾಲನ್ನು ಹೆಗಲಿನಿಂದ ಗೊರಸಿನವರೆಗೆ ಎರಡು ಕೈಗಳಿಂದಲೂ ತಡವುತ್ತ ಬಂದರು. ಒಂದು ಎತ್ತನ್ನು ಮುಟ್ಟಿ, "ಇದು ಕಟ್ಟಿ ಸಾಕಿದ್ದು" ಎಂದರು. ಇನ್ನೊಂದನ್ನು ಮುಟ್ಟಿ, "ಇದು ಬಯಲಾಗೆ ತಿರುಗಾಡಿ ಬೆಳೆದದ್ದು" ಎಂದರು. ಮಾರುವವನು ನಕ್ಕು ಹೌದೆಂದು ತಲೆಯಾಡಿಸಿದ.

"ಅದು ಹೇಗೆ ತಿಳಿಯಿತು ಯಜಮಾನರೆ?" ಎಂದು ಕೇಳಿದೆ.

"ಕಾಲೇ ಹೇಳ್ತೈತಲ್ಲ ಸ್ವಾಮಿ" ಎಂದರು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ತಾನು ನಡೆದ ನೆಲದ ಕಥೆಯನ್ನು ಕಾಲಿನ ಎಲುಬು ಹೇಳಬಲ್ಲುದೆ? ಹೇಳಬಲ್ಲುದೆಂದು ಇಂದಿನ ಶಾಸ್ತ್ರವೂ ಒಪ್ಪುತ್ತದೆ. ನಮ್ಮ ನಾಡಿನ ಮುನ್ನೂರು ನಾನೂರು ವರ್ಷಗಳ ಚರಿತ್ರೆಯೂ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಆ ಎರಡನ್ನೂ ಒಂದೇ ನೊಗಕ್ಕೆ ಹೂಡಿ ನೋಡುವುದು ಈ ಬರೆಹದ ಉದ್ದೇಶ.

ಕಾವಲು ಎಂದರೆ ಕಾಯ್ದಿಟ್ಟ ಹುಲ್ಲುಗಾವಲು. ಅಮೃತಮಹಲಿನ ಕಥೆ ಆರಂಭವಾಗುವುದು ಶ್ರೀರಂಗಪಟ್ಟಣದಲ್ಲಿ. ಹದಿನಾರನೆಯ ಶತಮಾನದ ಕೊನೆಗೆ ವಿಜಯನಗರದ ಪ್ರತಿನಿಧಿಗಳು ಅಲ್ಲಿ ಹಳ್ಳಿಕಾರ್ ತಳಿಯ ಹಸುಗಳ ಮಂದೆಯೊಂದನ್ನು ಸಾಕಿದ್ದರು. ಶ್ರೀರಂಗಪಟ್ಟಣವು ಮೈಸೂರು ಒಡೆಯರ ವಶಕ್ಕೆ ಬಂದಾಗ ಮಂದೆಯೂ ಅವರದಾಯಿತು. ಚಾಮರಾಜ ಒಡೆಯರೂ ಕಂಠೀರವ ನರಸರಾಜ ಒಡೆಯರೂ ಅದನ್ನು ಬೆಳೆಸಿದರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅದನ್ನೊಂದು ಇಲಾಖೆಯನ್ನಾಗಿ ಮಾಡಿ, ಬೆಣ್ಣೆ ಚಾವಡಿ ಎಂದು ಹೆಸರಿಟ್ಟು, ರಾಜ್ಯದ ನಾನಾ ಭಾಗಗಳಲ್ಲಿ ಮಂದೆಗೆಂದೇ ಕಾವಲುಗಳನ್ನು ಬಿಡಿಸಿಕೊಟ್ಟರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಹೊರಗಿನ ಕೆಲಸ. ಒಳ್ಳೆಯ ಎತ್ತುಗಳನ್ನು ಬೆಳೆಸುವುದು ಒಳಗಿನ ಕೆಲಸ.

ಅದೇ ಚಿಕ್ಕದೇವರಾಜರ ಕಾಲದಲ್ಲಿ, ಸಮುದ್ರದ ಆಚೆ ರೋಮ್ ನಗರದಲ್ಲಿ, ಪ್ರಾಣಿಗಳ ಚಲನೆಯನ್ನು ಕುರಿತ ಒಂದು ಗ್ರಂಥ 1680 ಮತ್ತು 1681ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ಅದನ್ನು ಬರೆದ ಜೊವಾನ್ನಿ ಬೊರೆಲ್ಲಿ ಅಷ್ಟರಲ್ಲಿ ತೀರಿಕೊಂಡಿದ್ದ. ಆತ ಗಣಿತಜ್ಞ. ಎಲುಬುಗಳನ್ನು ಮೀಟುಗೋಲುಗಳೆಂದೂ ಕೀಲುಗಳನ್ನು ಆ ಗೋಲುಗಳ ಆನಿಕೆಗಳೆಂದೂ ಭಾವಿಸಿ, ಸ್ನಾಯು ಎಷ್ಟು ಬಲದಿಂದ ಎಳೆದರೆ ದೇಹ ಎಷ್ಟು ಭಾರವನ್ನು ಎತ್ತುತ್ತದೆ ಎಂದು ಲೆಕ್ಕ ಹಾಕಿದ. ಲೆಕ್ಕದಿಂದ ಹೊರಟ ಸಂಗತಿ ವಿಚಿತ್ರವಾಗಿತ್ತು. ಸ್ನಾಯು ಎಲುಬಿಗೆ ಅಂಟಿಕೊಳ್ಳುವುದು ಕೀಲಿನ ತೀರ ಹತ್ತಿರದಲ್ಲಿ. ಭಾರ ಇರುವುದು ಗೋಲಿನ ಇನ್ನೊಂದು ತುದಿಯಲ್ಲಿ. ಆದ್ದರಿಂದ ಅಂಗೈಯಲ್ಲಿ ಒಂದು ಸೇರು ಭಾರವನ್ನು ಹಿಡಿದು ನಿಲ್ಲಲು ತೋಳಿನ ಸ್ನಾಯು ಏಳೆಂಟು ಸೇರಿನಷ್ಟು ಬಲವನ್ನು ಹಾಕಬೇಕಾಗುತ್ತದೆ. ಇದು ನಷ್ಟದ ವ್ಯಾಪಾರವೆಂದು ತೋರಬಹುದು. ಆದರೆ ಸ್ನಾಯು ಒಂದು ಅಂಗುಲ ಕುಗ್ಗಿದರೆ ಅಂಗೈ ಏಳೆಂಟು ಅಂಗುಲ ಚಲಿಸುತ್ತದೆ. ಬಲವನ್ನು ಕೊಟ್ಟು ವೇಗವನ್ನೂ ದೂರವನ್ನೂ ಕೊಳ್ಳುವುದು ದೇಹದ ಜಾಣತನ. ಬಾವಿಯ ಏತವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಬೊರೆಲ್ಲಿಯ ಈ ಕಣ್ಣಿನಿಂದ ಒಂದು ಎತ್ತನ್ನು ನೋಡೋಣ. ಮನುಷ್ಯನಲ್ಲಿ 206 ಎಲುಬುಗಳು. ಎತ್ತಿನಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಜೋಡಿಸಿದ ರೀತಿ ಮಾತ್ರ ಬೇರೆ. ಎತ್ತಿನ ಮುಂಗಾಲಿನ ಮಂಡಿ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ನಿಜವಾಗಿ ಅದರ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ಮೂಲೆ ಅದರ ಹಿಮ್ಮಡಿ. ನಮ್ಮ ಅಂಗೈಯ ನಡುವಿನ ಎರಡು ಎಲುಬುಗಳು ಎತ್ತಿನಲ್ಲಿ ಬೆಸೆದು ಒಂದೇ ಕಂಬವಾಗಿ ನೀಳವಾಗಿವೆ. ಅದರ ಕೆಳಗೆ ಎರಡು ಬೆರಳು, ಬೆರಳ ತುದಿಗೆ ಉಗುರಿನಂತೆ ಗೊರಸು. ಎಂದರೆ ಎತ್ತು ಜೀವಮಾನವೆಲ್ಲ ಬೆರಳ ತುದಿಯ ಮೇಲೆ ನಡೆಯುತ್ತದೆ. ಮಾಂಸವೆಲ್ಲ ಮೇಲೆ, ಹೆಗಲು ತೊಡೆಗಳಲ್ಲಿ. ಮಂಡಿಯಿಂದ ಕೆಳಗೆ ಎಲುಬು ಮತ್ತು ನರದಂತೆ ಬಿಗಿದ ಕಂಡರಗಳು ಮಾತ್ರ. ಕೆಳಗೆ ಹಗುರವಾದ ಕಾಲನ್ನು ಬೀಸುವುದು ಸುಲಭ. ಕಾಲೂರಿದಾಗ ಕಂಡರಗಳು ರಬ್ಬರಿನಂತೆ ತುಸು ಹಿಗ್ಗಿ, ಕಾಲೆತ್ತುವಾಗ ಆ ಬಲವನ್ನು ಹಿಂದಕ್ಕೆ ಕೊಡುತ್ತವೆ. ಹೆಜ್ಜೆಗೆ ಒಂದು ಕಾಸಿನ ಉಳಿತಾಯ; ಹತ್ತು ಹರಿದಾರಿಯ ಕೊನೆಗೆ ಅದೇ ದೊಡ್ಡ ಗಂಟು.

ಇನ್ನೂ ಒಂದು ವಿಶೇಷವುಂಟು. ನಮ್ಮ ತೋಳು ಕೊರಳ ಕೆಳಗಿನ ಒಂದು ಎಲುಬಿನ ಮೂಲಕ ಎದೆಗೂಡಿಗೆ ಸೇರಿಕೊಂಡಿದೆ. ಎತ್ತಿಗೆ ಆ ಎಲುಬೇ ಇಲ್ಲ. ಅದರ ಮುಂಗಾಲಿಗೂ ಬೆನ್ನೆಲುಬಿಗೂ ನಡುವೆ ಒಂದೇ ಒಂದು ಎಲುಬಿನ ಕೀಲೂ ಇಲ್ಲ. ಮುಂಗಾಲುಗಳ ನಡುವೆ ಎದೆಯು ಸ್ನಾಯುಗಳ ಜೋಲಿಯಲ್ಲಿ ತೂಗಿಕೊಂಡಿದೆ, ತೊಟ್ಟಿಲಿನಂತೆ. ದೇಹದ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಈ ಜೋಲಿಯೇ ಹೊರುತ್ತದೆ. ಕಲ್ಲು ಗುಂಡಿಗಳ ದಾರಿಯಲ್ಲಿ ಬೀಳುವ ಪೆಟ್ಟು ಬೆನ್ನೆಲುಬಿಗೆ ತಾಗುವ ಮುನ್ನವೇ ಸ್ನಾಯುಗಳಲ್ಲಿ ಹೀರಿಹೋಗುತ್ತದೆ. ಹಿಂಗಾಲಿನದು ಬೇರೆ ಬಗೆ. ಅದು ಸೊಂಟದ ಎಲುಬಿನ ಮೂಲಕ ಬೆನ್ನೆಲುಬಿಗೆ ಗಟ್ಟಿಯಾಗಿ ಬೆಸೆದುಕೊಂಡಿದೆ. ನೆಲವನ್ನು ಒದ್ದು ಮುಂದಕ್ಕೆ ನೂಕುವ ಕೆಲಸ ಅದರದು. ಆ ನೂಕು ಬೆನ್ನೆಲುಬಿನುದ್ದಕ್ಕೂ ಹರಿದು ಕೊರಳಿಗೆ ಬಂದು, ಹಿಣಿಲಿನ ಮುಂದೆ ಕೂತ ನೊಗವನ್ನು ತಳ್ಳುತ್ತದೆ. ಎತ್ತು ಗಾಡಿಯನ್ನು ಎಳೆಯುತ್ತದೆ ಎನ್ನುತ್ತೇವೆ. ವಾಸ್ತವವಾಗಿ ಅದು ನೊಗವನ್ನು ನೂಕುತ್ತದೆ. ಆದರೆ ಆ ನೂಕಿನ ಒಳಗೆ ಪ್ರತಿಯೊಂದು ಸ್ನಾಯುವೂ ಎಳೆಯುತ್ತಲೇ ಇರುತ್ತದೆ, ಏಕೆಂದರೆ ಸ್ನಾಯುವಿಗೆ ಎಳೆಯಲು ಬರುತ್ತದೆಯೇ ಹೊರತು ತಳ್ಳಲು ಬಾರದು. ಒಂದು ಮಡಿಸಿದರೆ ಅದರ ಎದುರಿನದು ಬಿಚ್ಚಬೇಕು. ದೇಹದೊಳಗಿನ ಸ್ನಾಯುಗಳೂ ಎತ್ತುಗಳಂತೆ ಜೊತೆಯಲ್ಲಿಯೇ ದುಡಿಯುತ್ತವೆ.

ಈ ರಚನೆ ಎಲ್ಲ ಎತ್ತುಗಳಿಗೂ ಒಂದೇ. ಹಾಗಿದ್ದರೆ ಅಮೃತಮಹಲಿನ ಎತ್ತಿಗೆ ಅಷ್ಟೊಂದು ಹೆಸರು ಬಂದದ್ದೇಕೆ? ಅದಕ್ಕೆ ಯುದ್ಧಗಳ ಕಡೆ ತಿರುಗಬೇಕು.

ಹೈದರಾಲಿ ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಮಣಿಸಿದಾಗ ಅವರ ದನದ ಮಂದೆಗಳೂ ಅವನ ಕೈಸೇರಿದವು. ಚಿತ್ರದುರ್ಗ ಬಿದ್ದದ್ದು 1779ರಲ್ಲಿ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳಿಂದ ಅಮೃತಮಹಲ್ ತಳಿ ರೂಪುಗೊಂಡಿತೆಂದು ಹೇಳುವುದುಂಟು. ಬೆಣ್ಣೆ ಚಾವಡಿಯ ಎತ್ತುಗಳನ್ನು ಹೈದರ್ ತೋಪುಗಾಡಿಗಳಿಗೆ ಹೂಡಿದ. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂಬ ಹೆಸರಿಟ್ಟ. ಹೆಸರು ಹಾಲಿನದು, ಕೆಲಸ ತೋಪಿನದು. ಈ ತಳಿಯ ಹಸು ಕರೆಯುವ ಹಾಲು ತನ್ನ ಕರುವಿಗೆ ಸಾಕಾದರೆ ಹೆಚ್ಚು.

ರೈಸ್ ಸಾಹೇಬರ ಮೈಸೂರು ಗೆಜೆಟಿಯರನ್ನು ಓದಿದವರಿಗೆ ಈ ಎತ್ತುಗಳ ಸಾಹಸ ಗೊತ್ತಿದ್ದೀತು. 1781ರಲ್ಲಿ ಚಿದಂಬರದ ರಕ್ಷಣೆಗೆ ಹೊರಟ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ, ಎಂದರೆ 160 ಕಿಲೋಮೀಟರು ಸಾಗಿದ. ಸೋತ ಯುದ್ಧಗಳಲ್ಲಿಯೂ ಶತ್ರುವಿನ ಕಣ್ಣೆದುರಿಗೇ ತನ್ನ ತೋಪುಗಳನ್ನು ಎಳೆಸಿಕೊಂಡು ಪಾರಾಗುತ್ತಿದ್ದ. ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಒಂದೇ ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡ ಹಾಯ್ದ. ಜನರಲ್ ಮೆಡೋಸನ ಎದುರಿನಲ್ಲಿ ಎರಡು ದಿನಕ್ಕೆ 63 ಮೈಲಿ ನಡೆದ. ಎತ್ತು ಗಂಟೆಗೆ ನಡೆಯುವುದು ಮೂರು ನಾಲ್ಕು ಕಿಲೋಮೀಟರು. ಬಿಡದೆ ಎಳೆಯಬಲ್ಲ ಬಲ ತನ್ನ ತೂಕದ ಹತ್ತನೆಯ ಒಂದು ಪಾಲಿನಷ್ಟು. ಈ ಲೆಕ್ಕದಲ್ಲಿ ದಿನಕ್ಕೆ 64 ಕಿಲೋಮೀಟರು ಹೋಗಬೇಕಾದರೆ ಹಗಲು ರಾತ್ರಿ ಸೇರಿಸಿ ಹದಿನಾರು ಗಂಟೆಯಾದರೂ ನಡೆಯಬೇಕು. ಅಷ್ಟು ನಡೆದೂ ಕೀಲು ಊದದೆ, ಗೊರಸು ಸವೆಯದೆ ಮರುದಿನ ನೊಗಕ್ಕೆ ಕೊರಳೊಡ್ಡುವ ಎತ್ತು ಎಲ್ಲ ಕಡೆಯೂ ಸಿಕ್ಕುವುದಲ್ಲ.

ಎದುರು ಪಕ್ಷದ ಗತಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1791ರ ಮೇ ತಿಂಗಳಲ್ಲಿ ಕಾರ್ನವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದ. ಅರಕೆರೆಯ ಬಳಿ ಗೆದ್ದೂ ಗೆದ್ದ. ಆದರೆ ಅವನ ಎತ್ತುಗಳು ಮೇವಿಲ್ಲದೆ, ರೋಗ ತಗುಲಿ, ರಾಶಿರಾಶಿಯಾಗಿ ಸತ್ತುಬಿದ್ದವು. ತೋಪುಗಳನ್ನು ಎಳೆಯುವವರಿಲ್ಲ. ಮುತ್ತಿಗೆಗೆಂದು ತಂದ ದೊಡ್ಡ ತೋಪುಗಳನ್ನು ತನ್ನ ಕೈಯಿಂದಲೇ ಹಾಳುಮಾಡಿಸಿ ಅವನು ಹಿಂತಿರುಗಬೇಕಾಯಿತು. ಆ ವರ್ಷ ಶ್ರೀರಂಗಪಟ್ಟಣ ಉಳಿದದ್ದು ಕೋಟೆಯ ಗೋಡೆಯಿಂದ ಎಷ್ಟೋ, ಶತ್ರುವಿನ ಎತ್ತುಗಳ ಕುಸಿದ ಕಾಲಿನಿಂದಲೂ ಅಷ್ಟೇ.

ಕಾರ್ನವಾಲಿಸನ ಎತ್ತುಗಳಿಗೂ ಎಲುಬಿತ್ತು, ಕೀಲಿತ್ತು, ಕಂಡರವಿತ್ತು. ತಳಿಯ ರಕ್ತ ಬೇರೆ ಎನ್ನಬಹುದು. ಅದು ನಿಜ, ಆದರೆ ಅದು ಅರ್ಧ ನಿಜ. ಉಳಿದ ಅರ್ಧ ಇರುವುದು ಕಾವಲಿನಲ್ಲಿ.

ಟಿಪ್ಪು ಅಮೃತಮಹಲಿಗೆಂದು ಒಂದು ಹುಕುಂನಾಮೆಯನ್ನು ಹೊರಡಿಸಿದ್ದ. ಮಂದೆಗಳ ಪಾಲನೆ, ಕರುಗಳ ಆರೈಕೆ, ವರ್ಷಕ್ಕೊಮ್ಮೆ ದನಗಳ ಎಣಿಕೆ, ಎಲ್ಲಕ್ಕೂ ಅದರಲ್ಲಿ ಕಟ್ಟುಪಾಡಿತ್ತು. ಮುಂದೆ ಬಂದ ಇಂಗ್ಲಿಷ್ ಅಧಿಕಾರಿಗಳೂ ಬಹುಮಟ್ಟಿಗೆ ಅದನ್ನೇ ಅನುಸರಿಸಿದರು. ಎತ್ತುಗಳಲ್ಲಿ ತೋಪಿನ ಎತ್ತು, ಹೇರಿನ ಎತ್ತು, ನೇಗಿಲಿನ ಎತ್ತು ಎಂದು ವಿಂಗಡಣೆಯಿತ್ತು. ಕಾವಲುಗಳಲ್ಲಿಯೂ ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ಮೂರು ಬಗೆ. ಮಳೆ ಹುಲ್ಲು ಮುಗಿದ ಕಾವಲಿನಿಂದ ನೀರು ನಿಲ್ಲುವ ಕಾವಲಿಗೆ, ಅಲ್ಲಿಂದ ಕೆರೆಯ ಅಂಗಳದ ಕಾವಲಿಗೆ, ಮಂದೆ ವರ್ಷವಿಡೀ ನಡೆಯುತ್ತಿತ್ತು. ಕೊಟ್ಟಿಗೆ ಎಂಬುದೇ ಇರಲಿಲ್ಲ. ಕರು ಹುಟ್ಟುವುದು ಬಯಲಿನಲ್ಲಿ. ಹುಟ್ಟಿದ ಮೇಲೆ ತಾಯಿಯ ಹಿಂದೆ ಕಲ್ಲು ಮುಳ್ಳುಗಳ ನೆಲದಲ್ಲಿ ಓಡುವುದು. ಬಿಸಿಲು, ಗಾಳಿ, ತೋಳದ ಭಯ ಎಲ್ಲವೂ ಬಯಲಿನಲ್ಲಿಯೇ. ಹೊಸಬರನ್ನು ಹತ್ತಿರಕ್ಕೆ ಬಿಟ್ಟುಕೊಳ್ಳದ ಅರೆಕಾಡು ಸ್ವಭಾವ ಈ ದನಗಳಿಗೆ ಬಂದದ್ದು ಹೀಗೆ.

ಈ ತಿರುಗಾಟ ಎಲುಬಿಗೆ ಏನು ಮಾಡುತ್ತದೆ ಎಂಬುದನ್ನು 1892ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ ವಿವರಿಸಿದ. ಎಲುಬು ಒಣಗಿದ ಕಟ್ಟಿಗೆಯಲ್ಲ, ಜೀವವುಳ್ಳ ವಸ್ತು. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಅದು ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಭಾರ ಬಿದ್ದ ಕಡೆ ದಪ್ಪನಾಗುತ್ತದೆ, ಭಾರವಿಲ್ಲದ ಕಡೆ ಕರಗುತ್ತದೆ. ಟೆನ್ನಿಸ್ ಆಡುವವರ ಆಡುವ ಕೈಯ ಎಲುಬು ಇನ್ನೊಂದು ಕೈಯದಕ್ಕಿಂತ ದಪ್ಪ. ಆಕಾಶದಲ್ಲಿ ತೂಕವಿಲ್ಲದೆ ತೇಲುವ ಗಗನಯಾತ್ರಿಗಳಿಗೆ ಸೊಂಟ ಕಾಲುಗಳ ಎಲುಬಿನ ಸಾರ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಭಾಗದಷ್ಟು ಕಳೆದುಹೋಗುತ್ತದೆ. ಕೀಲಿನ ಕಥೆಯೂ ಹೀಗೆಯೇ. ಎಲುಬಿನ ತುದಿಗೆ ಹೊದಿಸಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲೂರಿದಾಗ ಅದು ಸ್ಪಂಜಿನಂತೆ ಹಿಂಡಿಕೊಂಡು, ಕಾಲೆತ್ತಿದಾಗ ಕೀಲಿನೊಳಗಿನ ರಸವನ್ನು ಹೀರಿಕೊಂಡು ಆಹಾರ ಪಡೆಯುತ್ತದೆ. ಗಾಡಿಯ ಕೀಲಿಗೆ ನಾವು ಎಣ್ಣೆ ಹಾಕಬೇಕು. ದೇಹದ ಕೀಲು ನಡೆಯುತ್ತ ತನಗೆ ತಾನೇ ಎಣ್ಣೆ ಹಾಕಿಕೊಳ್ಳುತ್ತದೆ. ನಡೆಯದ ಕೀಲಿಗೆ ಉಪವಾಸವೇ ಗತಿ.

ದೊಡ್ಡಉಳ್ಳಾರ್ತಿಯ ಯಜಮಾನರ ಬೆರಳು ಕಂಡುಕೊಂಡದ್ದು ಇದನ್ನೇ. ಬಯಲಿನ ಕರುವಿನ ಕಾಲೆಲುಬು ಗಟ್ಟಿ, ಕಂಡರ ಬಿಗಿ, ಗೊರಸು ಕಲ್ಲಿನಂತೆ. ಕಟ್ಟಿ ಸಾಕಿದ ಕರು ನೋಡಲು ದುಂಡಗಿದ್ದರೂ ಕೈಗೆ ಸಿಕ್ಕುವುದು ಬೇರೆಯೇ. ತಳಿ ಎಂಬುದು ಬೀಜ. ಕಾವಲು ಅದರ ಹೊಲ. ಹೈದರನ ನೂರು ಮೈಲಿ ಚಿದಂಬರದ ದಾರಿಯಲ್ಲಿ ಆರಂಭವಾಗಲಿಲ್ಲ. ಎಷ್ಟೋ ವರ್ಷಗಳ ಹಿಂದೆ, ಯಾವುದೋ ಕಾವಲಿನಲ್ಲಿ, ತಾಯಿಯ ಹಿಂದೆ ಓಡಿದ ಕರುವಿನ ಕಾಲಲ್ಲಿ ಆರಂಭವಾಗಿತ್ತು.

ಮುಂದಿನ ಚರಿತ್ರೆ ಈ ಮಾತಿಗೆ ಪರೀಕ್ಷೆಯಂತಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆ ಇಂಗ್ಲಿಷರ ಪಾಲಾಯಿತು. ಅವರು ಅದರ ಪಾಲನೆಯನ್ನು ಮೈಸೂರು ಸರ್ಕಾರಕ್ಕೆ ಬಿಟ್ಟರು. ರಕ್ತ ಅದೇ, ಆದರೆ ಕಟ್ಟುಪಾಡು ಸಡಿಲವಾಗಿ ಕೆಲವೇ ವರ್ಷಗಳಲ್ಲಿ ಮಂದೆ ಕೆಟ್ಟಿತು. 1813ರಲ್ಲಿ ಮದರಾಸು ಸೇನೆಯ ಕ್ಯಾಪ್ಟನ್ ಹಾರ್ವೆ ಎಂಬಾತನಿಗೆ ಅದನ್ನು ಒಪ್ಪಿಸಿದರು. ಹಳೆಯ ಕಟ್ಟುಪಾಡುಗಳು ಮರಳಿದವು; ಮಂದೆ ಚೇತರಿಸಿಕೊಂಡಿತು. ಪೇಶ್ವೆ ಬಾಜೀರಾಯನನ್ನು ಬೆನ್ನಟ್ಟಿದ ಜನರಲ್ ಪ್ರಿಟ್ಸ್ಲರನ ದಂಡು 25 ದಿನಗಳಲ್ಲಿ 346 ಮೈಲಿ ಸಾಗಿದ್ದು ಈ ಎತ್ತುಗಳ ಬೆನ್ನ ಮೇಲೆಯೇ. 1800ರಲ್ಲಿ ಧೋಂಡಿಯಾ ವಾಘನನ್ನು ಅಟ್ಟಿಕೊಂಡು ಹೋಗಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ಸ್ಪೇನಿನಲ್ಲಿ ನೆಪೋಲಿಯನ್ನನ ದಂಡಿನೆದುರು ಕಾದಾಡುವಾಗ ಮೈಸೂರಿನ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಕೊರಗಿದನಂತೆ.

ಇಷ್ಟಾದರೂ 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸುವ ನೆಪದಲ್ಲಿ ಮಂದೆಗಳನ್ನು ಮಾರಿಸಿಬಿಟ್ಟ. ಕೆಲವು ದನಗಳು ಈಜಿಪ್ಟಿನ ಪಾಷಾನಿಗೆ ಮಾರಾಟವಾದವು. ಐದಾರು ವರ್ಷ ಕಳೆಯುವುದರೊಳಗೆ ಸೇನೆಗೆ ಒಳ್ಳೆಯ ಎತ್ತು ಸಿಕ್ಕದಾಯಿತು; ಕೊಂಡರೆ ದುಬಾರಿ, ಹೂಡಿದರೆ ಬಡಕಲು. 1866ರಲ್ಲಿ ಇಲಾಖೆಯನ್ನು ಮತ್ತೆ ಆರಂಭಿಸಿ, ಮಾರಿದ ದನಗಳಲ್ಲಿ ಅಳಿದುಳಿದವನ್ನು ಹುಡುಕಿ ತರಬೇಕಾಯಿತು. ಲೆಕ್ಕದ ಪುಸ್ತಕದಲ್ಲಿ ಒಂದು ಗೆರೆ ಎಳೆದು ಅಳಿಸಿದ್ದನ್ನು ನೆಲದ ಮೇಲೆ ಮತ್ತೆ ಬರೆಯುವುದು ಎಷ್ಟು ಕಷ್ಟವೆಂಬುದನ್ನು ಸರ್ಕಾರ ದುಡ್ಡು ತೆತ್ತು ಕಲಿತಿತು. ಆಗ ಕಾವಲುಗಳು ಇನ್ನೂ ಉಳಿದಿದ್ದವು. ಆದ್ದರಿಂದಲೇ ಮಂದೆಯನ್ನು ಮತ್ತೆ ಕಟ್ಟುವುದು ಸಾಧ್ಯವಾಯಿತು. ರಾಜ್ಯ ಒಡೆಯರಿಗೆ ಮರಳಿದ ಮಾರನೆಯ ವರ್ಷ, 1882ರಲ್ಲಿ, ಅಮೃತಮಹಲ್ ಮೈಸೂರು ಸರ್ಕಾರಕ್ಕೆ ಬಂದಿತು. 1923ರಲ್ಲಿ ಅದು ಸೈನ್ಯದ ಕೈಯಿಂದ ಕೃಷಿ ಇಲಾಖೆಯ ಕೈಗೆ ಹೋಯಿತು. ತೋಪನ್ನು ಎಳೆಯಲು ಮೋಟಾರು ಬಂದಿತ್ತು. ಇಂದು ತಳಿಯ ಮುಖ್ಯ ಆಸರೆ ಅಜ್ಜಂಪುರದ ಸಂವರ್ಧನ ಕೇಂದ್ರ.

ತೋಪಿನ ಕೆಲಸ ಹೋದ ಮೇಲೆ ಕಾವಲಿನ ಬೆಲೆಯೂ ಇಳಿಯಿತು. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಸೀಮೆಗಳಲ್ಲಿ ಲಕ್ಷಗಟ್ಟಲೆ ಎಕರೆಯಿದ್ದ ಹುಲ್ಲುಗಾವಲು ಸಾಗುವಳಿಗೆಂದು, ಕಟ್ಟಡಕ್ಕೆಂದು, ನೆಡುತೋಪಿಗೆಂದು ತುಂಡುತುಂಡಾಗಿ ಕರಗಿತು. ಉಳಿದವುಗಳಲ್ಲಿ ದೊಡ್ಡ ಹರಹು ಚಳ್ಳಕೆರೆಯ ಕಡೆಯದು. ರಾಜ್ಯದಲ್ಲಿಯೇ ತೀರ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಅದೊಂದು. ಅಲ್ಲಿ ಹೊಲ ಕೈಕೊಟ್ಟಾಗ ಕೈಹಿಡಿಯುವುದು ದನ, ಕುರಿ; ಅವನ್ನು ಕೈಹಿಡಿಯುವುದು ಕಾವಲು. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳುಂಟು. ಅವುಗಳಿಗೆ ನೊಗ ಹೂಡುವುದಿಲ್ಲ, ಅವನ್ನು ಮಾರುವುದಿಲ್ಲ. ಕಿಲಾರಿಗಳು ಅವುಗಳ ಹಿಂದೆ ಬಯಲು ಸುತ್ತುತ್ತಾರೆ. ಸತ್ತರೆ ಮನೆಯವರನ್ನು ಹೂಳುವಂತೆ ಹೂಳುತ್ತಾರೆ. ದುಡಿಯದ ಎತ್ತಿಗೂ ಅಡ್ಡಾಡುವ ನೆಲ ಬೇಕು ಎಂಬುದು ಅವರಿಗೆ ಧರ್ಮದ ಮಾತು.

2008ರಿಂದ ಈಚೆಗೆ ಎರಡು ಮೂರು ವರ್ಷಗಳಲ್ಲಿ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ಸರ್ಕಾರ ಬೇರೆ ಕೆಲಸಗಳಿಗೆ ಕೊಟ್ಟಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ ನಾಲ್ಕು ಸಾವಿರ ಎಕರೆಗೂ ಮಿಕ್ಕು, ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ. ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋಗಳಿಗೂ ಪಾಲು ಸಿಕ್ಕಿತು. ಕೃಷ್ಣಮೃಗಗಳು ಜಿಗಿಯುತ್ತಿದ್ದ ಬಯಲಿಗೆ ಗೋಡೆ ಎದ್ದಿತು. ಊರಿನವರು ಗೋಡೆಯ ಈಚೆ ನಿಂತು, ನಮ್ಮ ದನ ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಯಿತು. 2014ರ ತೀರ್ಪು ಯೋಜನೆಗಳನ್ನು ನಿಲ್ಲಿಸಲಿಲ್ಲ. 2017ರ ಮೇ ತಿಂಗಳಲ್ಲಿ ಅಲ್ಲಿ ವಿಮಾನ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲಿನಲ್ಲಿ ಒಮ್ಮೆ, 2024ರಲ್ಲಿ ಎರಡು ಸಾರಿ, ಇಸ್ರೋದ ರೆಕ್ಕೆಯುಳ್ಳ ವಾಹನ ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಕಳಚಿಕೊಂಡು, ತನ್ನಷ್ಟಕ್ಕೆ ತಾನೇ ದಾರಿ ಹುಡುಕಿ, ಅಲ್ಲಿಯ ಓಡುದಾರಿಯ ಮೇಲೆ ಇಳಿಯಿತು. ಕೊನೆಯ ಸಲ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕಿತ್ತು.

ಅದನ್ನು ಓದಿದಾಗ ನನಗೂ ಹೆಮ್ಮೆಯಾಯಿತೆಂಬುದನ್ನು ಮುಚ್ಚಿಡಲಾರೆ. ಎತ್ತು ಮೇಯುವುದಕ್ಕಾಗಿ ವಿಜ್ಞಾನ ನಿಲ್ಲಬೇಕೆಂದು ಹೇಳುವ ಧೈರ್ಯ ನನಗಿಲ್ಲ. ಹಾಗೆ ಹೇಳುವುದು ಸರಿಯೂ ಅಲ್ಲ. ನನ್ನ ತಕರಾರು ಒಂದೇ ಒಂದು ಮಾತಿನ ಮೇಲೆ. ಇಂಥ ನೆಲವನ್ನು ನಾವು ಪಟ್ಟಣಿಗರು ಖಾಲಿ ಜಮೀನು, ಬಂಜರು ಎನ್ನುತ್ತೇವೆ. ಅಲ್ಲಿ ಮರವಿಲ್ಲ, ಬೆಳೆಯಿಲ್ಲ, ಮನೆಯಿಲ್ಲ. ಆದ್ದರಿಂದ ಏನೂ ಇಲ್ಲ. ಚಿಕ್ಕದೇವರಾಜರಿಂದ ಹಿಡಿದು ಟಿಪ್ಪುವಿನವರೆಗೆ, ಹಾರ್ವೆಯವರೆಗೆ, ಯಾರೂ ಆ ನೆಲವನ್ನು ಖಾಲಿ ಎನ್ನಲಿಲ್ಲ. ಅದು ಎಲುಬು ಬೆಳೆಯುವ ಹೊಲವೆಂದು ಅವರಿಗೆ ಗೊತ್ತಿತ್ತು. 1860ರಲ್ಲಿ ಮಂದೆಯನ್ನು ಮಾರಿದವರಿಗೆ ಆರು ವರ್ಷದ ಮೇಲೆ ಅದನ್ನು ಹಿಂದಕ್ಕೆ ತರುವುದು ಸಾಧ್ಯವಾಯಿತು. ನೆಲವನ್ನೇ ಕಳೆದುಕೊಂಡ ಮೇಲೆ ಹಿಂದಕ್ಕೆ ತರುವುದು ಯಾವುದನ್ನು? ತಳಿಯ ಬೀಜವನ್ನು ಗಾಜಿನ ಕೊಳವೆಯಲ್ಲಿ, ಹಿಮದಂಥ ಚಳಿಯಲ್ಲಿ ಕಾಪಿಡಬಹುದು. ನಡಿಗೆಯನ್ನು ಹಾಗೆ ಕಾಪಿಡುವ ಕೊಳವೆ ಇನ್ನೂ ಹುಟ್ಟಿಲ್ಲ.

ಈ ಮಾತು ಎತ್ತಿಗೆ ಮಾತ್ರ ಸಲ್ಲುವುದೆಂದು ಓದುಗರು ತಿಳಿಯಬಾರದು. ಕುರ್ಚಿಯಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನನ್ನ ಮಂಡಿಯೂ ಏಳುವಾಗ ಲಟಕ್ಕೆನ್ನುತ್ತದೆ. ವೋಲ್ಫನ ನಿಯಮಕ್ಕೆ ಎತ್ತೂ ಒಂದೇ, ಪತ್ರಿಕೆ ಓದುವವರೂ ಒಂದೇ. ನಮಗೂ ಒಂದು ಕಾವಲು ಇತ್ತು. ಅದಕ್ಕೆ ಬೀದಿ, ಬಯಲು, ಕೆರೆಯ ಏರಿ ಎಂದು ಹೆಸರಿತ್ತು.

ದೊಡ್ಡಉಳ್ಳಾರ್ತಿಯಿಂದ ಹೊರಡುವ ಮುನ್ನ ಯಜಮಾನರನ್ನು ಇನ್ನೊಂದು ಮಾತು ಕೇಳಿದೆ. ಬಯಲಿನಲ್ಲಿ ಬೆಳೆದ ಎತ್ತು ಈಗಲೂ ಸಿಕ್ಕುತ್ತದೆಯೆ?

ಅವರು ಕೂಡಲೇ ಉತ್ತರ ಕೊಡಲಿಲ್ಲ. ಎತ್ತಿನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಗೋಡೆಯ ಕಡೆ ನೋಡಿದರು.

"ಇದರ ವಯಸ್ಸಿನವು ಅವೆ ಸ್ವಾಮಿ" ಎಂದರು. "ಈಗಿನ ಕರುಗಳ ಕಾಲು ಏನ್ ಹೇಳ್ತೈತೋ, ಮುಂದೆ ಮುಟ್ಟಿ ನೋಡೋರು ಹೇಳ್ಬೇಕು."